ಕಟ್ಟಡವು ಯಾರ ಸ್ವತ್ತು?

ಒಂದು ಮನೆಯು ಯಾರದೆಂದು ಕೇಳಿದರೆ ದಫ್ತರ ಬಲ್ಲವರು ತಡವಿಲ್ಲದೆ ಉತ್ತರ ಹೇಳುವರು. ಖರೀದಿಪತ್ರದಲ್ಲಿ ಯಾರ ಹೆಸರಿದೆಯೋ ಅವರದು, ಅವರು ತೀರಿಕೊಂಡಿದ್ದರೆ ಅವರ ಮಕ್ಕಳದು, ಮಕ್ಕಳಿಲ್ಲದಿದ್ದರೆ ಸರಕಾರದ್ದು. ಆದರೆ ಊರ ನಡುವೆ ನಿಂತು ನೂರಾರು ವರ್ಷ ಊರಿನ ಗುರುತಾಗಿ ಬಾಳಿದ ಕಟ್ಟಡದ ವಿಷಯದಲ್ಲಿ ಈ ಉತ್ತರವು ಸಾಲದು. ಕಟ್ಟಿಸಿದವನು ಎಂದೋ ಮಣ್ಣುಗೂಡಿರುತ್ತಾನೆ; ಅವನ ವಂಶವು ದಿಕ್ಕುದಿಕ್ಕಿಗೆ ಚದರಿರುತ್ತದೆ; ಯಾವ ಕೆಲಸಕ್ಕೆಂದು ಕಟ್ಟಿಸಿದನೋ ಆ ಕೆಲಸವೂ ನಿಂತುಹೋಗಿರುತ್ತದೆ. ಉಳಿದದ್ದು ಗೋಡೆ. ಆ ಗೋಡೆಯು ಕೈಸೇರಿದವನು ಅದನ್ನು ಮನಬಂದಂತೆ ಉಪಯೋಗಿಸಬಹುದೇ? ಕಟ್ಟಿಸಿದವನ ಸಂಕಲ್ಪಕ್ಕೆ ಅವನು ಯಾವುದಾದರೊಂದು ರೀತಿಯಲ್ಲಿ ಋಣಿಯೇ? ಬೀದರ ಪ್ರಾಂತದಲ್ಲಿ ಈ ಪ್ರಶ್ನೆಯು ಬರಿಯ ತರ್ಕದ್ದಲ್ಲ. ಅದಕ್ಕೆ ಇಟ್ಟಿಗೆ, ಗಚ್ಚು, ನೀಲಿಯ ಹೆಂಚುಗಳ ಸಾಕ್ಷಿಯಿದೆ.

ಸ್ವತ್ತಿನ ವಿಚಾರವನ್ನು ಆಳವಾಗಿ ಚರ್ಚಿಸಿದ ಗ್ರಂಥವೊಂದು ಇದೇ ನೆಲದಲ್ಲಿ ಹುಟ್ಟಿತೆಂಬುದನ್ನು ಇಲ್ಲಿ ನೆನೆಯುವುದು ಯುಕ್ತ. ಬೀದರ ಜಿಲ್ಲೆಗೆ ಸೇರಿದ ಕಲ್ಯಾಣವನ್ನು ರಾಜಧಾನಿ ಮಾಡಿಕೊಂಡು ಆಳಿದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನವನ್ನು ಬರೆದನು. ತಂದೆಯು ಸತ್ತ ಮೇಲೆಯೇ ಮಗನಿಗೆ ಸ್ವತ್ವವು ಹುಟ್ಟುತ್ತದೆಂದು ಬಂಗಾಳದ ಜೀಮೂತವಾಹನನ ಮತ. ವಿಜ್ಞಾನೇಶ್ವರನು ಹಾಗೆ ಹೇಳಲಿಲ್ಲ. ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಪಾಲುಂಟು; ಆದುದರಿಂದ ತಂದೆಯು ಅದನ್ನು ತನ್ನೊಬ್ಬನದೆಂಬಂತೆ ಕಳೆಯಲಾರನು; ಹುಟ್ಟಿದವರು ಮಾತ್ರವಲ್ಲ, ಇನ್ನೂ ಹುಟ್ಟಬೇಕಾದವರೂ ಅದರ ಜೀವನಾಧಾರವನ್ನು ಬಯಸುತ್ತಾರೆಂಬುದನ್ನು ಅವನು ಲೆಕ್ಕಕ್ಕೆ ತಂದುಕೊಂಡನು. ಮಗನಿಗೆ ಅಂದೇ ದೊರೆತ ಈ ಹಕ್ಕು ಮಗಳಿಗೆ ದೊರೆಯಲು ಕರ್ನಾಟಕದಲ್ಲಿ ೧೯೯೪ರ ವರೆಗೂ, ದೇಶಕ್ಕೆಲ್ಲ ೨೦೦೫ರ ವರೆಗೂ ಕಾಯಬೇಕಾಯಿತು. ಆ ಮಾತು ಬೇರೆ. ಇಲ್ಲಿ ಮುಖ್ಯವಾದುದು ಇಷ್ಟೇ: ಇರುವವನು ಒಡೆಯನಲ್ಲ, ಪಾಲುಗಾರರಲ್ಲಿ ಒಬ್ಬನು. ಹೊಲಮನೆಗಳಿಗೆ ಹೇಳಿದ ಈ ನ್ಯಾಯವನ್ನು ಊರಿನ ಕಟ್ಟಡಕ್ಕೆ ಅನ್ವಯಿಸಿ ನೋಡಿದರೆ ಹೇಗಾದೀತು?

ಬೀದರ ನಗರದ ನಡುಮಧ್ಯದಲ್ಲಿ ನಾಲ್ಕು ಬೀದಿಗಳು ಕೂಡುವೆಡೆ ಚೌಬಾರವಿದೆ. ಅಲ್ಲಿಂದ ಕೋಟೆಯ ಕಡೆಗೆ ನಡೆದರೆ ದಾರಿಯಲ್ಲಿ ಸಿಗುವುದು ಖ್ವಾಜಾ ಮಹಮೂದ ಗಾವಾನನ ಮದರಸಾ. ೧೪೭೨ರಲ್ಲಿ ಮುಗಿದ ಕಟ್ಟಡ, ಮೂರು ಅಂತಸ್ತು, ೨೦೫ ಅಡಿ ಉದ್ದ, ೧೮೦ ಅಡಿ ಅಗಲ, ನಡುವೆ ನೂರಡಿ ಚದರದ ಅಂಗಳ. ವಿದ್ಯಾರ್ಥಿಗಳಿಗೆ ೩೬ ಕೋಣೆಗಳು, ಗುರುಗಳಿಗೆ ೬ ಮನೆಗಳು, ಉಪನ್ಯಾಸಶಾಲೆಗಳು, ಪ್ರಾರ್ಥನಾಮಂದಿರ, ಗ್ರಂಥಭಂಡಾರ. ಭಂಡಾರದಲ್ಲಿ ಮೂರು ಸಾವಿರ ಹಸ್ತಪ್ರತಿಗಳಿದ್ದುವೆಂದು ಇತಿಹಾಸಕಾರರು ಬರೆದಿದ್ದಾರೆ. ನೆಲದ ತೇವವು ಗೋಡೆಗೇರದಿರಲೆಂದು ಅಡಿಪಾಯದ ಬಳಿ ಸೀಸದ ತಗಡುಗಳನ್ನು ಹಾಸಿದರು. ಮುಖಭಾಗಕ್ಕೆ ಇರಾಣದ ಪದ್ಧತಿಯ ಬಣ್ಣದ ಹೆಂಚುಗಳು. ಇಕ್ಕೆಲಗಳಲ್ಲಿ ಎರಡು ಮಿನಾರುಗಳು. ಈಗ ಉಳಿದಿರುವ ಒಂದು ಮಿನಾರು ೧೩೧ ಅಡಿ ಎತ್ತರವಿದೆ. ಬಹುದೂರದ ಇರಾಣದ ವಿದ್ವಾಂಸರೊಡನೆಯೂ ಗಾವಾನನಿಗೆ ಪತ್ರವ್ಯವಹಾರವಿತ್ತು. ಜಾಮೀ ಕವಿಯನ್ನು ಅವನು ಬೀದರಿಗೆ ಕರೆದನು, ಕವಿ ಬರಲಿಲ್ಲ.

ಕಟ್ಟಿಸಿದವನು ರಾಜನಲ್ಲ ಎಂಬುದೇ ಈ ಕಟ್ಟಡದ ವಿಶೇಷ. ಕಾಸ್ಪಿಯನ್ ಸಮುದ್ರದ ದಡದ ಗೀಲಾನ ಪ್ರಾಂತದಲ್ಲಿ ಹುಟ್ಟಿ, ವ್ಯಾಪಾರಕ್ಕೆಂದು ಹಡಗನ್ನೇರಿ, ದಾಭೋಳದ ಬಂದರದಲ್ಲಿಳಿದು, ೧೪೫೩ರಲ್ಲಿ ಬೀದರಿಗೆ ಬಂದವನು ಗಾವಾನ. ಬಹಮನಿ ಅರಸರ ಬಳಿ ಒಂದೊಂದೇ ಮೆಟ್ಟಿಲೇರಿ ಪ್ರಧಾನನಾದನು. ಅವನಿಗೆ ದೊರೆತ ಬಿರುದು 'ಮಲಿಕ್-ಉತ್-ತುಜ್ಜಾರ್', ಅಂದರೆ ವರ್ತಕರ ಒಡೆಯ. ಅಧಿಕಾರ ಬಂದ ಮೇಲೂ ಅವನು ವ್ಯಾಪಾರವನ್ನು ಬಿಡಲಿಲ್ಲ. ಸ್ವದೇಶದಿಂದ ತಂದ ಮೂಲಧನವನ್ನು ತೊಡಗಿಸಿ, ಅದರ ಲಾಭದಿಂದ ಮನೆಯ ಖರ್ಚನ್ನು ನಡೆಯಿಸಿ, ಮಿಕ್ಕುದನ್ನು ದಾನಕ್ಕೆ ವಿನಿಯೋಗಿಸುತ್ತಿದ್ದನೆಂದು ಫೆರಿಷ್ತಾ ಬರೆದಿದ್ದಾನೆ. ವರ್ತಕನು ರಾಜಧಾನಿಯ ನಡುವೆ ದೊಡ್ಡ ಕಟ್ಟಡವನ್ನೆಬ್ಬಿಸಿದರೆ ಅದು ಅವನ ಕೋಠಿಯೋ ಕಚೇರಿಯೋ ಆಗಿರುವುದು ಲೋಕರೂಢಿ. ಗಾವಾನನು ಕಟ್ಟಿಸಿದ್ದು ಪಾಠಶಾಲೆ.

ಇಷ್ಟಕ್ಕೇ ಅವನನ್ನು ಪುಣ್ಯಪುರುಷನೆಂದು ಕೊಂಡಾಡಿ ಮುಗಿಸುವುದು ಸುಲಭ, ಆದರೆ ನ್ಯಾಯವಲ್ಲ. ಅದೇ ಕಾಲದಲ್ಲಿ ರಷ್ಯಾದ ತ್ವೇರ್ ಪಟ್ಟಣದ ವರ್ತಕ ಅಫನಾಸಿ ನಿಕಿತಿನ್ ಎಂಬವನು ಬೀದರಿಗೆ ಬಂದಿದ್ದನು. ಒಂದು ಕುದುರೆಯನ್ನು ಮಾರಲು ಬಂದ ಸಾಮಾನ್ಯ ವ್ಯಾಪಾರಿ ಅವನು. ಅದನ್ನು ಮಾರಲು ಅವನು ಪಟ್ಟ ಪಾಡು ಅಷ್ಟಿಷ್ಟಲ್ಲ. ಬೀದರಿನ ಸರದಾರರ ಬೆಳ್ಳಿಯ ಪಲ್ಲಕ್ಕಿಗಳನ್ನೂ ಹಳ್ಳಿಗರ ಬಡತನವನ್ನೂ ಅವನು ಒಂದೇ ಉಸಿರಿನಲ್ಲಿ ವರ್ಣಿಸಿದ್ದಾನೆ. ಮದರಸಾ ಮುಗಿದ ವರ್ಷವೇ ಗಾವಾನನ ಸೈನ್ಯವು ಗೋವೆಯನ್ನು ಗೆದ್ದಿತು. ಮುಂದೆ ಎರಡು ವರ್ಷ ಸಾಲದೆಂಬುದರೊಳಗೆ ದಖ್ಖನದಲ್ಲಿ ಘೋರವಾದ ಕ್ಷಾಮ ಬಿದ್ದಿತು. ಆ ನೀಲಿಯ ಹೆಂಚುಗಳ ಬೆಲೆಯಲ್ಲಿ ಭಾಲ್ಕಿಯ ಒಕ್ಕಲಿಗನ ಜೋಳವೂ ಔರಾದಿನ ದನಗಾಹಿಯ ತುಪ್ಪವೂ ಸೇರಿರಲಿಲ್ಲವೆಂದು ಯಾರು ಹೇಳಬಲ್ಲರು? ಪ್ರಧಾನನ ಕೈಯಲ್ಲಿ ವ್ಯಾಪಾರದ ಹಣ ಯಾವುದು, ಅಧಿಕಾರದ ಫಲ ಯಾವುದು ಎಂದು ಬೇರ್ಪಡಿಸುವುದು ಹಾಲುನೀರನ್ನು ಬೇರ್ಪಡಿಸಿದಂತೆ. ಆದರೆ ಈ ಸಂದೇಹವು ಕಟ್ಟಡದ ಬೆಲೆಯನ್ನು ಕಡಿಮೆ ಮಾಡುವುದಿಲ್ಲ. ಅದರ ಪಾಲುಗಾರರನ್ನು ಹೆಚ್ಚಿಸುತ್ತದೆ. ಹಣವು ಎಲ್ಲರಿಂದ ಬಂದುದಾದರೆ ಕಟ್ಟಡದಲ್ಲಿ ಎಲ್ಲರಿಗೂ ಹಕ್ಕುಂಟು.

ಗಾವಾನನ ಅಂತ್ಯವು ಪ್ರಸಿದ್ಧವಾದುದು. ಅವನ ಮುದ್ರೆಯನ್ನು ಕಾಯುತ್ತಿದ್ದ ಸೇವಕನಿಗೆ ವಿರೋಧಿಗಳು ಮದ್ಯ ಕುಡಿಸಿ, ಬರಿಯ ಕಾಗದದ ಮೇಲೆ ಮುದ್ರೆಯನ್ನೊತ್ತಿಸಿಕೊಂಡರು. ಬಳಿಕ ಅದರ ಮೇಲೆ ಒಡಿಶಾದ ಅರಸನನ್ನು ದಂಡೆತ್ತಿ ಬರಹೇಳುವ ರಾಜದ್ರೋಹದ ಪತ್ರವನ್ನು ಬರೆದರು. ಮುದ್ರೆಯು ತನ್ನದೇ, ಪತ್ರವು ತನ್ನದಲ್ಲವೆಂದು ವೃದ್ಧನು ಹೇಳಿದನು. ಮೂರನೆಯ ಮಹಮ್ಮದ ಷಾ ಕೇಳಲಿಲ್ಲ. ೧೪೮೧ರ ಏಪ್ರಿಲ್ ೫ರಂದು ಗಾವಾನನ ತಲೆ ಬಿದ್ದಿತು. ಅವನ ಖಜಾನೆಯನ್ನು ತೆರೆಸಿದಾಗ ಅರಸನು ನಿರೀಕ್ಷಿಸಿದ ಹಣ ಸಿಗಲಿಲ್ಲ. ಒಂದು ವರ್ಷದೊಳಗೆ ಅರಸನೂ ಸತ್ತನು. ಗಾವಾನನ ಗೋರಿ ಬೀದರಿನ ಹೊರಗೆ ಗೋರನಳ್ಳಿಯ ಬಳಿ ಇದೆ. ಮದರಸದ ವೈಭವವನ್ನು ನೋಡಿ ಅಲ್ಲಿಗೆ ಹೋದವರಿಗೆ ಅದರ ಸರಳತೆಯು ಆಶ್ಚರ್ಯವನ್ನುಂಟುಮಾಡುತ್ತದೆ.

ಮುದ್ರೆ ನಿಜ, ಒಕ್ಕಣೆ ಸುಳ್ಳು. ಕಟ್ಟಿಸಿದವನಿಗೆ ಆದ ಈ ಗತಿಯೇ ಎರಡು ಶತಮಾನಗಳ ತರುವಾಯ ಕಟ್ಟಡಕ್ಕೂ ಆಯಿತೆನ್ನಬಹುದು. ಬಹಮನಿಗಳು ಹೋಗಿ ಬರೀದಶಾಹಿಗಳು ಬಂದರು; ೧೬೧೯ರಲ್ಲಿ ಬೀದರವು ವಿಜಾಪುರಕ್ಕೆ ಸೇರಿತು; ೧೬೫೭ರಲ್ಲಿ ಔರಂಗಜೇಬನು ಅದನ್ನು ವಶಪಡಿಸಿಕೊಂಡನು. ಮೊಗಲರ ಕಾಲದಲ್ಲಿ ಮದರಸದಲ್ಲಿ ರಾವುತರ ದಂಡು ಬೀಡುಬಿಟ್ಟಿತು. ಕೆಲವು ಕೋಣೆಗಳಲ್ಲಿ ಕೋವಿಯ ಮದ್ದನ್ನು ತುಂಬಿದರು. ೧೬೯೬ರ ಸುಮಾರಿಗೆ ಆ ಮದ್ದಿಗೆ ಬೆಂಕಿ ತಗುಲಿತು. ಸಿಡಿಲು ಬಡಿಯಿತೆಂದೂ ಹೇಳುವವರಿದ್ದಾರೆ. ಒಂದು ಮಿನಾರು, ಮುಖಭಾಗದ ಅರ್ಧ, ಅದರ ಹಿಂದಣ ಕೋಣೆಗಳು ಒಂದೇ ಕ್ಷಣದಲ್ಲಿ ನೆಲಕಚ್ಚಿದುವು. ಮೇಲೆ ಬರೆದ ಧರ್ಮವಾಕ್ಯಗಳ ಪಟ್ಟಿಯು ಅರ್ಧಕ್ಕೆ ಕಡಿದುಹೋಯಿತು.

ಮದ್ದನ್ನು ಅಲ್ಲಿರಿಸಿದ ಸರದಾರನನ್ನು ದುಷ್ಟನೆಂದು ಭಾವಿಸಲು ಕಾರಣವಿಲ್ಲ. ಅವನು ವ್ಯವಹಾರ ಬಲ್ಲವನೇ ಆಗಿದ್ದಿರಬೇಕು. ಗೋಡೆಗಳು ದಪ್ಪ, ನೆಲದಲ್ಲಿ ತೇವವಿಲ್ಲ (ಗಾವಾನನು ಹಾಸಿಸಿದ ಸೀಸವು ಪುಸ್ತಕಗಳಿಗೆ ಮಾಡಬೇಕಾದ ಉಪಕಾರವನ್ನು ಮದ್ದಿಗೆ ಮಾಡಿತು), ಕೋಟೆಯೂ ಹತ್ತಿರ. ಕೋಣೆಗಳನ್ನು ಹಾಗೆಯೇ ಬಿಡುವುದೇಕೆಂದು ಅವನು ಕೇಳಿದ್ದರೆ ದಂಡಿನಲ್ಲಿ ಯಾರೂ ಎದುರುತ್ತರ ಕೊಡುತ್ತಿರಲಿಲ್ಲ. ಇಂದಿಗೂ ಕಟ್ಟಡಗಳು ಕೆಡುವುದು ಹೆಚ್ಚಾಗಿ ದ್ವೇಷದಿಂದಲ್ಲ, ಇಂತಹ ಅನುಕೂಲದಿಂದ. ಜಾಗ ಬೇಕಾಗಿದೆ, ಜಾಗ ಇಲ್ಲಿದೆ: ಇಷ್ಟರಲ್ಲಿಯೇ ವಿಚಾರವು ಮುಗಿಯುತ್ತದೆ.

ಹಾಗಾದರೆ ಕಟ್ಟಿದ ಉದ್ದೇಶವನ್ನು ಒಂದಿಷ್ಟೂ ಬದಲಿಸಬಾರದೇ? ಹೀಗೆಂದರೆ ಲೋಕದಲ್ಲಿ ಹಳೆಯ ಕಟ್ಟಡವೊಂದೂ ಉಳಿಯದು. ಚೌಬಾರದ ಗೋಪುರವು ೭೧ ಅಡಿ ಎತ್ತರದ್ದು, ಪೂರ್ವದಲ್ಲಿ ಊರ ನಾಲ್ಕು ದಿಕ್ಕನ್ನೂ ಕಣ್ಣಿಟ್ಟು ಕಾಯಲು ಒದಗುತ್ತಿತ್ತು, ಆಮೇಲೆ ಅದರ ನೆತ್ತಿಗೆ ಗಡಿಯಾರ ಬಂತು, ಯಾರಿಗೂ ಕೇಡಾಗಲಿಲ್ಲ. ಬೆಂಗಳೂರಿನ ಅಠಾರಾ ಕಚೇರಿಯನ್ನು ೧೮೬೮ರಲ್ಲಿ ಸರಕಾರದ ಹದಿನೆಂಟು ಇಲಾಖೆಗಳಿಗೆಂದು ಕಟ್ಟಿ ಮುಗಿಸಿದರು. ೧೯೫೬ರಲ್ಲಿ ವಿಧಾನಸೌಧವು ಸಿದ್ಧವಾದ ಮೇಲೆ ಕಚೇರಿಗಳು ಹೊರಟುಹೋಗಿ, ಕೆಂಪು ಕಟ್ಟಡವು ಉಚ್ಚನ್ಯಾಯಾಲಯಕ್ಕೇ ಉಳಿಯಿತು. ಹೆಸರು ಮಾತ್ರ ಹದಿನೆಂಟನ್ನು ಇಂದಿಗೂ ಎಣಿಸುತ್ತಿದೆ. ೧೯೮೦ರ ದಶಕದಲ್ಲಿ ಅದನ್ನು ಕೆಡವಿ ಹೊಸದನ್ನು ಕಟ್ಟಬೇಕೆಂಬ ಯೋಜನೆ ಹೊರಟಾಗ ತಡೆದವರು ಅದರ ಒಡೆಯರಲ್ಲ, ನಗರದ ನಾಗರಿಕರು. ದಫ್ತರದ ಪ್ರಕಾರ ಅವರಿಗೆ ಅದರ ಒಂದು ಇಟ್ಟಿಗೆಯ ಮೇಲೂ ಅಧಿಕಾರವಿರಲಿಲ್ಲ.

ಇದಕ್ಕಿಂತಲೂ ವಿಚಿತ್ರವಾದ ಉದಾಹರಣೆಯೊಂದು ಮದರಾಸಿನಲ್ಲಿದೆ. ಅಲ್ಲಿಯ ಮೌಂಟ್ ರೋಡಿನಲ್ಲಿ ಯುನೈಟೆಡ್ ಇಂಡಿಯಾ ಜೀವವಿಮಾ ಕಂಪನಿಗಾಗಿ ಎಂ. ಸಿಟಿ. ಎಂ. ಚಿದಂಬರಂ ಚೆಟ್ಟಿಯಾರರು ೧೯೫೩ರಲ್ಲಿ ಒಂದು ಮುಗಿಲುಮುಟ್ಟುವ ಕಚೇರಿಯ ಕೆಲಸವನ್ನು ಆರಂಭಿಸಿದರು. ಮರುವರ್ಷವೇ ಸಿಂಗಪುರದ ವಿಮಾನಾಪಘಾತದಲ್ಲಿ ಅವರು ತೀರಿಕೊಂಡರು. ೧೯೫೬ರಲ್ಲಿ ಸರಕಾರವು ೨೪೫ ವಿಮಾ ಸಂಸ್ಥೆಗಳನ್ನು ಕೂಡಿಸಿ ಭಾರತೀಯ ಜೀವವಿಮಾ ನಿಗಮವನ್ನು ನಿರ್ಮಿಸಿತು; ಅರ್ಧ ಕಟ್ಟಿದ ಕಚೇರಿಯೂ ಅದರೊಡನೆ ಕೈಬದಲಾಯಿತು. ೧೯೫೯ರಲ್ಲಿ ಅದು ತೆರೆದಾಗ ಭಾರತದಲ್ಲೇ ಅತಿ ಎತ್ತರದ ಕಟ್ಟಡವಾಗಿತ್ತು. ಕಟ್ಟಿಸತೊಡಗಿದವರು ಅದನ್ನು ನೋಡಲಿಲ್ಲ. ಅವರ ಕಂಪನಿಯ ಫಲಕವು ಅದರ ಮೇಲೆ ಏರಲಿಲ್ಲ. ಇಲ್ಲಿ ಅನ್ಯಾಯವಾಯಿತೇ? ಸಂಸ್ಥೆಯನ್ನು ಕಳೆದುಕೊಂಡವರಿಗೆ ಹಾಗೆ ತೋರಿದ್ದರೆ ಅದು ಸಹಜವೇ. ಆದರೆ ವಿಮಾ ಕಂಪನಿಯ ಹಣವೆಂದರೆ ಏನು? ತಾನು ಸತ್ತರೆ ಹೆಂಡಿರು ಮಕ್ಕಳಿಗೆ ಗತಿಯಾಗಲೆಂದು ಸಾವಿರಾರು ಜನ ಸಂಸಾರಿಗಳು ಕಂತುಕಂತಾಗಿ ಕಟ್ಟಿದ ಹಣ. ಕಟ್ಟಡವು ಯಾರ ಹೆಸರಿನಲ್ಲಿದ್ದರೂ ಆ ನಂಬಿಕೆಯನ್ನು ಕಾಯುವುದೇ ಅದರ ಕೆಲಸ, ಅದು ಬದಲಾಗಲಿಲ್ಲ.

ಈ ನಿದರ್ಶನಗಳನ್ನು ಮದರಸದ ಪಕ್ಕದಲ್ಲಿಟ್ಟು ನೋಡಿದರೆ ವಿಜ್ಞಾನೇಶ್ವರನ ನ್ಯಾಯವು ದಾರಿ ತೋರುತ್ತದೆ. ಪಾಲುಗಾರನು ಸ್ವತ್ತನ್ನು ಅನುಭವಿಸಬಹುದು. ಕಾಲಕ್ಕೆ ತಕ್ಕಂತೆ ಮಾರ್ಪಡಿಸಲೂಬಹುದು. ಹೊಲದಲ್ಲಿ ಅಜ್ಜ ಜೋಳ ಬಿತ್ತಿದನೆಂದು ಮೊಮ್ಮಗನು ತೊಗರಿ ಬಿತ್ತಬಾರದೆಂದಿಲ್ಲ. ಆದರೆ ಹುಟ್ಟಬೇಕಾದವನಿಗೆ ಒಪ್ಪಿಸಲು ಬಾರದಂತೆ ಅದನ್ನು ಬಳಸಬಾರದು. ಗಡಿಯಾರವನ್ನು ಇಳಿಸಬಹುದು, ನ್ಯಾಯಾಲಯವು ಬೇರೆಡೆಗೆ ಹೋದರೆ ಅಠಾರಾ ಕಚೇರಿಯು ಮತ್ತೊಂದಕ್ಕೆ ಒದಗಬಹುದು. ಮದ್ದು ಸಿಡಿದ ಮೇಲೆ ಯಾವ ಅರಸನೂ ಆ ಮಿನಾರನ್ನು ಮರಳಿ ಕೊಡಲಾರನು. ಸರದಾರನ ತಪ್ಪು ಪಾಠಶಾಲೆಯನ್ನು ಠಾಣ್ಯ ಮಾಡಿದ್ದರಲ್ಲಿ ಮಾತ್ರವಲ್ಲ; ತನ್ನದಲ್ಲದುದನ್ನು ಪಣಕ್ಕಿಟ್ಟುದರಲ್ಲಿದೆ.

ಆದರೂ ಒಂದು ಮಾತು ಉಳಿಯುತ್ತದೆ. ಗೋಡೆಯನ್ನು ಕಾಯ್ದು ಒಪ್ಪಿಸಿದರೆ ಋಣವು ತೀರಿತೇ? ೧೯೧೪ರಲ್ಲಿ ಹೈದರಾಬಾದ ಸಂಸ್ಥಾನದಲ್ಲಿ ಪುರಾತತ್ತ್ವ ಇಲಾಖೆಯು ಹುಟ್ಟಿತು. ಅದರ ನಿರ್ದೇಶಕರಾಗಿದ್ದ ಗುಲಾಮ ಯಜದಾನಿಯವರು ಬೀದರಿನ ಕಟ್ಟಡಗಳನ್ನು ಒಂದೊಂದಾಗಿ ಅಳೆದು, ಬರೆದು, ೧೯೪೭ರಲ್ಲಿ ದೊಡ್ಡ ಗ್ರಂಥವನ್ನು ಪ್ರಕಟಿಸಿದರು. ಅಂತಹ ಶ್ರದ್ಧೆಯ ಕೆಲಸವು ಎಲ್ಲ ಊರಿಗೂ ಲಭಿಸುವುದಿಲ್ಲ. ಈಗ ಮದರಸವು ಭಾರತ ಸರಕಾರದ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದೆ. ಗೋಡೆಯು ಸುರಕ್ಷಿತ. ನೋಡುವವರು ಬರುತ್ತಾರೆ, ಓದುವವರಿಲ್ಲ. ಮದ್ದಿಗಿಂತ ಮೌನವು ಸಾವಿರ ಪಾಲು ಮೇಲೆಂಬುದು ನಿರ್ವಿವಾದ; ಆದರೆ ಗಾವಾನನು ಮೌನಕ್ಕಾಗಿ ಕೋಣೆಗಳನ್ನು ಕಟ್ಟಿಸಲಿಲ್ಲ.

ಗೋಡೆಗೆ ವಾರಸುದಾರರಿರುವಂತೆ ಸಂಕಲ್ಪಕ್ಕೂ ವಾರಸುದಾರರಿರುತ್ತಾರೆ. ಇವರು ಅವರೇ ಆಗಿರಬೇಕೆಂಬ ನಿಯಮವಿಲ್ಲ. ಬೀದರಿನಿಂದ ಹತ್ತು ಹನ್ನೆರಡು ಹರದಾರಿಯೊಳಗೆ ಇದಕ್ಕೆ ನಿದರ್ಶನವಿದೆ. ನಿಜಾಮರ ಆಳಿಕೆಯಲ್ಲಿ ರಾಜ್ಯದ ವಿದ್ಯಾಭ್ಯಾಸವು ಉರ್ದುವಿನಲ್ಲಿ ನಡೆಯುತ್ತಿತ್ತು. ೧೯೧೮ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ಇಂಗ್ಲಿಷನ್ನು ಬಿಟ್ಟು ದೇಶಭಾಷೆಯೊಂದರಲ್ಲಿ ಉನ್ನತ ವಿದ್ಯೆಯನ್ನು ಕಲಿಸತೊಡಗಿದ್ದು ಹೊಗಳತಕ್ಕ ಸಾಹಸವೇ ಸರಿ. ಆದರೆ ಆ ದೇಶಭಾಷೆಯು ಭಾಲ್ಕಿಯ ಕನ್ನಡದ ಮಗುವಿಗೆ ಮನೆಯ ಮಾತಾಗಿರಲಿಲ್ಲ. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು (೧೮೯೦–೧೯೯೯) ಈ ಕೊರತೆಯನ್ನು ತುಂಬಲು ಟೊಂಕ ಕಟ್ಟಿದರು. ಭಾಲ್ಕಿಯಲ್ಲಿಯೂ, ಆಗ ಔರಾದ ತಾಲೂಕಿಗೆ ಸೇರಿದ್ದ ತಮ್ಮ ಜನ್ಮಸ್ಥಳ ಕಮಲನಗರದಲ್ಲಿಯೂ ಅವರು ಶಾಲೆಗಳನ್ನು ನಡೆಯಿಸಿದರು. ಹೊರಗೆ ಉರ್ದು ಫಲಕವನ್ನು ತೂಗಿಸಿ ಒಳಗೆ ಕನ್ನಡವನ್ನು ಕಲಿಸಿದರೆಂಬ ಮಾತು ಆ ಪ್ರಾಂತದಲ್ಲಿ ಇಂದಿಗೂ ಎಲ್ಲರ ಬಾಯಲ್ಲಿದೆ.

ಹೊರಗೊಂದು, ಒಳಗೊಂದು! ಗಾವಾನನನ್ನು ಕೊಂದ ಕಾಗದದಲ್ಲಿಯೂ ಹೊರಗಣ ಮುದ್ರೆಗೂ ಒಳಗಣ ಬರಹಕ್ಕೂ ಹೊಂದಿಕೆಯಿರಲಿಲ್ಲ. ಸತ್ಯವನ್ನು ಬಿಗಿಯಾಗಿ ಹಿಡಿದವರು ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿಯಾರು. ಆದರೆ ಕಾಗದವನ್ನು ಬರೆದವರು ಅಪಾಯವನ್ನು ಇನ್ನೊಬ್ಬನ ಕೊರಳಿಗೆ ಕಟ್ಟಿ, ಲಾಭವನ್ನು ತಾವಿಟ್ಟುಕೊಂಡರು. ಫಲಕವನ್ನು ತೂಗಿಸಿದವರು ಅಪಾಯವನ್ನು ತಮ್ಮ ಮೇಲೆ ಎಳೆದುಕೊಂಡು, ಲಾಭವನ್ನು ಊರ ಮಕ್ಕಳಿಗೆ ಬಿಟ್ಟರು. ಫಲಕದ ಸುಳ್ಳು ಇದರಿಂದ ಸತ್ಯವಾಗುವುದಿಲ್ಲ. ಆದರೆ ಅದರ ಹೊಣೆಯಲ್ಲಿ ದೊಡ್ಡ ಪಾಲು, ಮಗುವಿನ ಮಾತನ್ನು ಬಚ್ಚಿಟ್ಟು ಕಲಿಸಬೇಕಾದ ಸ್ಥಿತಿಯನ್ನು ತಂದವರದು.

ಆ ಶಾಲೆಗಳಿಗೆ ಮಿನಾರುಗಳಿರಲಿಲ್ಲ, ನೀಲಿಯ ಹೆಂಚುಗಳಿರಲಿಲ್ಲ. ಗಾವಾನನ ಮದರಸದ ಮೇಲೆ ಹಕ್ಕು ಸಾಧಿಸಬೇಕೆಂದು ಅಲ್ಲಿಯ ಗುರುಗಳಿಗೆ ಕನಸಿನಲ್ಲೂ ಹೊಳೆದಿರಲಾರದು. ಅವನ ಮತ ಬೇರೆ, ಭಾಷೆ ಬೇರೆ. ಆದರೂ ಬೀದರಿನಲ್ಲಿ ಓದುವ ಹುಡುಗನಿಗೆ ಒಂದು ಕೋಣೆ, ಕಲಿಸುವ ಗುರುವಿಗೆ ಒಂದು ಮನೆ ಇರಬೇಕೆಂದು ೧೪೭೨ರಲ್ಲಿ ಒಬ್ಬ ವರ್ತಕನು ಮಾಡಿದ ಸಂಕಲ್ಪವನ್ನು ೨೦ನೆಯ ಶತಮಾನದಲ್ಲಿ ನೆರವೇರಿಸುತ್ತಿದ್ದವರು ಅವರೇ. ಮದ್ದನ್ನು ತುಂಬಿದ ಸರದಾರನು ಗೋಡೆಯನ್ನು ಪಡೆದಿದ್ದನು.

೧೯೪೮ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳಿಕೆಯು ಕೊನೆಗೊಂಡಿತು. ೧೯೫೬ರಲ್ಲಿ ಬೀದರ, ಭಾಲ್ಕಿ, ಔರಾದಗಳು ಮೈಸೂರು ರಾಜ್ಯವನ್ನು ಸೇರಿದುವು. ಕಮಲನಗರವು ಈಗ ಬೇರೆ ತಾಲೂಕಾಗಿದೆ. ಅಲ್ಲಿ ಕನ್ನಡದ ಫಲಕವನ್ನು ಹಗಲಿನಲ್ಲಿಯೇ ತೂಗಿಸುತ್ತಾರೆ. ಬೀದರಿನ ಮದರಸದಲ್ಲಿ, ಬಿದ್ದ ಮಿನಾರಿನ ಕಡೆಯ ಕೋಣೆಗಳಿಗೆ ಮೇಲ್ಛಾವಣಿಯಿಲ್ಲ. ಉಳಿದ ಕಡೆ ವಿದ್ಯಾರ್ಥಿಗಳ ಕೋಣೆಗಳ ಕಮಾನುಗಳು ಅಂಗಳಕ್ಕೆ ಮುಖಮಾಡಿ ನಿಂತಿವೆ.